ಮೊದಲ ಸ್ವಂತ ಚೆಂಡು ಮತ್ತು ಹತ್ತನೇ ಪಿನ್

ಟೆನ್‌ಪಿನ್ ಬೌಲಿಂಗ್‌ನಲ್ಲಿ ಒಂದೇ ಒಂದು ಸ್ಟ್ರೈಕ್ (ಮೊದಲ ಎಸೆತಕ್ಕೇ ಹತ್ತೂ ಪಿನ್ ಬೀಳುವುದು) ಇಲ್ಲದೆ 190 ಅಂಕ ಮಾಡಬಹುದು. ಆಟದ ಹತ್ತು ಸರದಿಗಳಲ್ಲಿ, ಅಂದರೆ ಫ್ರೇಮುಗಳಲ್ಲಿ, ಪ್ರತಿಯೊಂದರ ಮೊದಲ ಎಸೆತಕ್ಕೆ ಒಂಬತ್ತು ಪಿನ್ ಬೀಳಬೇಕು, ಉಳಿದ ಒಂದನ್ನು ಎರಡನೇ ಎಸೆತದಲ್ಲಿ ತೆಗೆಯಬೇಕು (ಇದೇ ಸ್ಪೇರ್, ಮುಂದಿನ ಎಸೆತದ ಪಿನ್ನೂ ಆ ಫ್ರೇಮಿನ ಅಂಕಕ್ಕೆ ಸೇರುತ್ತದೆ), ಹತ್ತನೇ ಫ್ರೇಮಿನ ಬೋನಸ್ ಎಸೆತಕ್ಕೂ ಒಂಬತ್ತು ಬಿದ್ದರಾಯಿತು. ಇದೇ ಆಟದಲ್ಲಿ ಆ ಒಂಟಿ ಪಿನ್ನನ್ನು ಪ್ರತಿ ಸಲವೂ ತಪ್ಪಿಸಿದರೆ ಸಿಗುವುದು 90. ಮೊದಲ ಎಸೆತ ಎರಡೂ ಆಟಗಳಲ್ಲಿ ಒಂದೇ. ನೂರು ಅಂಕದ ಅಂತರ ಪೂರ್ತಿ ಎರಡನೇ ಎಸೆತದ್ದು.

ಸ್ವಂತ ಚೆಂಡು ಕೊಳ್ಳಲು ಹೊರಟವರು ಈ ಲೆಕ್ಕವನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕು. ಅಂಗಡಿಯಲ್ಲಾಗಲಿ ವಿಡಿಯೋಗಳಲ್ಲಾಗಲಿ ಮಾತೆಲ್ಲ ಹುಕ್‌ನದ್ದೇ: ಯಾವ ಚೆಂಡು ಎಷ್ಟು ತಿರುಗುತ್ತದೆ, ಯಾವ ಕೋರ್ (ಚೆಂಡಿನೊಳಗಿನ ತಿರುಳು) ಎಷ್ಟು ಬಲವಾಗಿದೆ. ಕೈಗೆ ಸರಿಯಾಗಿ ಕೂರುವ ಚೆಂಡು ಸಿಕ್ಕಾಗ ಆಗುವ ನಿಜವಾದ ಲಾಭ ಬೇರೆ. ಕೈ ಸಡಿಲವಾಗುತ್ತದೆ, ತೋಳು ತಾನಾಗಿ ನೇರ ತೂಗುತ್ತದೆ, ಒಂಟಿ ಪಿನ್‌ಗಳು ಬೀಳತೊಡಗುತ್ತವೆ. ಹುಕ್ ಆಮೇಲೆ ಬರುವಂಥದ್ದು. ಚೆಂಡಿನ ಮೇಲೆ ಖರ್ಚು ಮಾಡುವ ಹಣದಲ್ಲಿ ಅತಿ ಹೆಚ್ಚು ಕೆಲಸ ಮಾಡುವುದು ಅದರಲ್ಲಿ ಕೊರೆದ ಮೂರು ತೂತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೌಸ್ ಬಾಲ್, ಅಂದರೆ ಸೆಂಟರ್‌ನವರೇ ಕಪಾಟಿನಲ್ಲಿಟ್ಟಿರುವ ಚೆಂಡು, ಯಾರ ಕೈಗೂ ಕೊರೆದದ್ದಲ್ಲ. ಎಲ್ಲರ ಬೆರಳೂ ಹೋಗಲಿ ಎಂದು ತೂತು ದೊಡ್ಡದು ಮಾಡಿರುತ್ತಾರೆ. ಹೆಬ್ಬೆರಳಿಗೆ ಸಡಿಲ ಎನಿಸಿದ ತಕ್ಷಣ ಕೈ ತಾನಾಗಿ ಚೆಂಡನ್ನು ಹಿಂಡುತ್ತದೆ, ಬಿದ್ದುಹೋಗಬಾರದಲ್ಲ. ಹಿಂಡಿದರೆ ಮುಂಗೈ ಬಿಗಿಯುತ್ತದೆ, ಮುಂಗೈ ಬಿಗಿದರೆ ಭುಜ ಬಿಗಿಯುತ್ತದೆ, ತೋಳು ಮೈಗೆ ಅಡ್ಡವಾಗಿ ಎಳೆದುಕೊಳ್ಳುತ್ತದೆ. ಬಲಗೈ ಆಟಗಾರರ ಚೆಂಡು ಗುರಿಗಿಂತ ಎಡಕ್ಕೆ ಹೋಗುವುದಕ್ಕೆ ಬಹುಪಾಲು ಇದೇ ಕಾರಣ. ಇಲ್ಲಿಂದ ಮುಂದೆ ಹೇಳುವುದೆಲ್ಲ ಬಲಗೈಯವರಿಗೆ. ಎಡಗೈಯವರು ಬಲ ಎಡಗಳನ್ನು ಅದಲುಬದಲು ಮಾಡಿಕೊಂಡು, ಹತ್ತನೇ ಪಿನ್ (ಹಿಂದಿನ ಸಾಲಿನ ಬಲತುದಿಯದು) ಎಂದಲ್ಲಿ ಏಳನೇ ಪಿನ್ (ಅದೇ ಸಾಲಿನ ಎಡತುದಿಯದು) ಎಂದು ಓದಿಕೊಳ್ಳಬೇಕು.

ಸ್ವಂತ ಚೆಂಡು ಬರುವವರೆಗೆ ಹೌಸ್ ಬಾಲ್ ಆರಿಸುವುದಕ್ಕೂ ಒಂದು ಕ್ರಮವಿದೆ. ಹೆಚ್ಚಿನವರು ತೂಕ ನೋಡಿ ಎತ್ತಿಕೊಳ್ಳುತ್ತಾರೆ. ಮೊದಲು ನೋಡಬೇಕಾದ್ದು ಹೆಬ್ಬೆರಳಿನ ತೂತು. ಬೆರಳು ಪೂರ್ತಿ ಒಳಗೆ ಹೋಗಬೇಕು, ತಿರುಗಿಸಿದರೆ ಗೋಡೆ ಎಲ್ಲ ಕಡೆಯೂ ಹಗುರಾಗಿ ಸವರಬೇಕು, ಹೊರಗೆಳೆದಾಗ ಸಿಕ್ಕಿಕೊಳ್ಳಬಾರದು. ಅದು ಸರಿಯಿದ್ದರೆ ಸ್ಪ್ಯಾನ್, ಅಂದರೆ ಹೆಬ್ಬೆರಳ ತೂತಿಗೂ ಉಳಿದೆರಡು ತೂತುಗಳಿಗೂ ನಡುವಿನ ಅಂತರ. ಹೆಬ್ಬೆರಳನ್ನು ಬುಡದವರೆಗೆ ಹಾಕಿ, ಅಂಗೈಯನ್ನು ಚೆಂಡಿಗೆ ಅಂಟಿಸಿ, ನಡುಬೆರಳು ಉಂಗುರದ ಬೆರಳುಗಳನ್ನು ಅವುಗಳ ತೂತಿನ ಮೇಲೆ ಚಾಚಿಡಿ, ಒಳಗೆ ಹಾಕಬೇಡಿ. ಬೆರಳಿನ ಎರಡನೇ ಗೆಣ್ಣಿನ ಗೆರೆ ತೂತಿನ ಒಳ ಅಂಚನ್ನು ದಾಟಿ ಸುಮಾರು ಕಾಲು ಇಂಚು ಮುಂದಿದ್ದರೆ ಸ್ಪ್ಯಾನ್ ಸರಿ. ಗೆರೆ ಅಂಚಿಗೇ ಮುಟ್ಟದಿದ್ದರೆ ಚೆಂಡು ನಿಮ್ಮ ಕೈಗೆ ದೊಡ್ಡದು. ಬಹಳ ಮುಂದೆ ಹೋದರೆ ಚಿಕ್ಕದು, ಬೆರಳು ಮಡಿಸಿ ಹಿಂಡುವುದು ತಪ್ಪುವುದಿಲ್ಲ. ಹಗುರ ಚೆಂಡುಗಳನ್ನು ಚಿಕ್ಕ ಕೈಗೆ, ಭಾರದವನ್ನು ದೊಡ್ಡ ಕೈಗೆ ಎಂದು ಅಂದಾಜಿಸಿ ಕೊರೆದಿರುತ್ತಾರೆ. ಹಾಗಾಗಿ ದಪ್ಪ ಬೆರಳಿನವರಿಗೆ ಬೇಕಾದ ತೂಕದಲ್ಲಿ ತೂತೇ ಸಿಗದಿರುವುದು ಮಾಮೂಲು.

ತೂಕದ ವಿಷಯ. ನಿಯಮದ ಪ್ರಕಾರ ಚೆಂಡು 16 ಪೌಂಡ್, ಅಂದರೆ ಸುಮಾರು 7.26 ಕೆ.ಜಿ. ಮೀರುವಂತಿಲ್ಲ. ಕನಿಷ್ಠ ಮಿತಿ ಇಲ್ಲ. ಅಡ್ಡಳತೆ ಎಲ್ಲ ತೂಕಕ್ಕೂ ಒಂದೇ, ಸುಮಾರು ಎಂಟೂವರೆ ಇಂಚು. ದೇಹದ ತೂಕದ ಹತ್ತನೇ ಒಂದು ಭಾಗ ಎಂಬ ಸೂತ್ರ ಎಲ್ಲೆಡೆ ಓಡಾಡುತ್ತದೆ, ಶುರುಮಾಡಲು ಪರವಾಗಿಲ್ಲ, ಆದರೆ ಅದಕ್ಕೆ ಮಂಡಿ ನೋವು ಗೊತ್ತಿಲ್ಲ, ಮಣಿಕಟ್ಟಿನ ಬಲ ಗೊತ್ತಿಲ್ಲ. ಅದಕ್ಕಿಂತ ನಂಬಬಹುದಾದ ಪರೀಕ್ಷೆ ಮೂರನೇ ಗೇಮ್‌ನಲ್ಲಿದೆ. ಲೇನಿನ ಪರದೆಯಲ್ಲಿ ವೇಗ ಕಾಣಿಸುವ ಕಡೆ ಮೊದಲ ಗೇಮ್‌ನ ವೇಗವನ್ನೂ ಮೂರನೆಯದರ ವೇಗವನ್ನೂ ಹೋಲಿಸಿ ನೋಡಿ. ಗಂಟೆಗೆ 25ರಿಂದ 29 ಕಿ.ಮೀ. ನಡುವೆ ಹೆಚ್ಚು ಏರುಪೇರಿಲ್ಲದೆ ನಿಂತರೆ ಆ ತೂಕ ನಿಮ್ಮದು. ಎಸೆತ ಎಸೆತಕ್ಕೂ ಇಳಿಯುತ್ತಿದ್ದರೆ ಒಂದು ಪೌಂಡ್ ಕೆಳಗಿಳಿಯಿರಿ. ಭಾರ ಹೆಚ್ಚಾದಾಗ ಚೆಂಡನ್ನು ತೂಗುವುದು ಬಿಟ್ಟು ತೋಳಬಲದಿಂದ ನೂಕಲು ಶುರುಮಾಡುತ್ತೀರಿ, ಬಲ ಭುಜ ಕುಸಿಯುತ್ತದೆ. ತೀರಾ ಹಗುರವಾದರೆ ಮೊದಲ ಪಿನ್ನಿಗೆ ಬಡಿದ ಚೆಂಡೇ ಪಕ್ಕಕ್ಕೆ ಸಿಡಿಯುತ್ತದೆ, ನಟ್ಟನಡುವಿನ ಐದನೇ ಪಿನ್ ನಿಂತುಬಿಡುತ್ತದೆ. ಒಂದು ಪಿನ್ ಮೂರೂವರೆ ಪೌಂಡ್ ಆಸುಪಾಸು ತೂಗುತ್ತದೆ, ಅದನ್ನು ಸೀಳಿ ಹೋಗುವಷ್ಟು ಭಾರ ಬೇಕೇ ಬೇಕು. ಕೈಗೆ ಕೊರೆದ ಚೆಂಡು ಅದೇ ತೂಕದ ಹೌಸ್ ಬಾಲ್‌ಗಿಂತ ಹಗುರ ಎನಿಸುತ್ತದೆ, ಆದ್ದರಿಂದ 12 ಪೌಂಡಿನ ಹೌಸ್ ಬಾಲ್ ಆರಾಮಾಗಿ ಎಸೆಯುವವರು ಸ್ವಂತ ಚೆಂಡನ್ನು 13 ಅಥವಾ 14ಕ್ಕೆ ಏರಿಸಬಹುದು. ಪ್ರತಿಷ್ಠೆಗೆ 16 ಕೊಳ್ಳಬೇಡಿ.

ಈಗ ಕೊರೆಯುವ ಮಾತು. ಅಮೆರಿಕದಲ್ಲಿ ಚೆಂಡು ಮಾರಿ ಕೊರೆದುಕೊಡುವ ಪ್ರೊ ಶಾಪ್ ಎಷ್ಟೋ ಸೆಂಟರ್‌ಗಳ ಒಳಗೇ ಇರುತ್ತದೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಮೊದಲು ಡ್ರಿಲ್ ಮಾಡುವವರನ್ನು ಹುಡುಕಿ, ಅವರ ಹತ್ತಿರ ಮಾತಾಡಿ, ಆಮೇಲೆ ಚೆಂಡು ತರಿಸಬೇಕು. ಮನೆಗೆ ಬಂದ ಪೆಟ್ಟಿಗೆಯಲ್ಲಿ ತೂತಿಲ್ಲದ ಗುಂಡು ನೋಡಿ ಕಂಗಾಲಾಗುವುದಕ್ಕಿಂತ ಇದು ಮೇಲು.

ಹಿಡಿತದಲ್ಲಿ ಎರಡು ಬಗೆ. ಬೆರಳುಗಳು ಎರಡನೇ ಗೆಣ್ಣಿನವರೆಗೆ ಒಳಹೋಗುವುದು ಕನ್ವೆನ್ಷನಲ್, ಹೌಸ್ ಬಾಲ್‌ಗಳೆಲ್ಲ ಹೀಗೇ. ಮೊದಲ ಗೆಣ್ಣಿನವರೆಗೆ ಮಾತ್ರ ಹೋಗುವುದು ಫಿಂಗರ್‌ಟಿಪ್. ಫಿಂಗರ್‌ಟಿಪ್‌ನಲ್ಲಿ ಹೆಬ್ಬೆರಳು ಮೊದಲು ಕಳಚಿ, ಒಂದು ಕ್ಷಣದ ಬಳಿಕ ಬೆರಳುಗಳು ಚೆಂಡನ್ನು ಮೀಟಿ ಬಿಡುತ್ತವೆ, ಸುತ್ತು ಹುಟ್ಟುವುದು ಆ ಮೀಟಿನಿಂದ. ವಾರಕ್ಕೊಮ್ಮೆಯಾದರೂ ಆಡುವವರಿಗೆ ನೇರ ಫಿಂಗರ್‌ಟಿಪ್‌ಗೇ ಹೋಗಿ ಎನ್ನುತ್ತೇನೆ. ಮೊದಲ ಕೆಲವು ವಾರ ಚೆಂಡು ಜಾರುವ ಭಯವಿರುತ್ತದೆ, ಬೆರಳ ತುದಿ ನೋಯುತ್ತದೆ, ಆಮೇಲೆ ಹೋಗುತ್ತದೆ. ಬೆರಳ ಗೆಣ್ಣುಗಳಲ್ಲಿ ಸಂಧಿವಾತ ಇರುವವರು ಕನ್ವೆನ್ಷನಲ್‌ನಲ್ಲೇ ಉಳಿಯುವುದು ಒಳ್ಳೆಯದು.

ಅಳತೆ ಕೊಡಲು ಹೋಗುವಾಗ ಕೈ ಮಾಮೂಲಾಗಿರಲಿ. ಆಗಷ್ಟೇ ನಾಲ್ಕು ಗೇಮ್ ಆಡಿ ಹೆಬ್ಬೆರಳು ಊದಿದ್ದಾಗ ಬೇಡ, ಎಸಿಯಲ್ಲಿ ಕೂತು ಮರಗಟ್ಟಿದ್ದಾಗಲೂ ಬೇಡ. ಒಳ್ಳೆಯ ಡ್ರಿಲ್ಲರ್ ಸ್ಪ್ಯಾನ್ ಅಳೆದು ಸುಮ್ಮನಾಗುವುದಿಲ್ಲ. ನಡುಬೆರಳಿಗೂ ಉಂಗುರದ ಬೆರಳಿಗೂ ಬೇರೆ ಬೇರೆ ಸ್ಪ್ಯಾನ್ ತೆಗೆದುಕೊಳ್ಳುತ್ತಾರೆ, ಹೆಬ್ಬೆರಳು ಎಷ್ಟು ಹಿಂದಕ್ಕೆ ಬಾಗುತ್ತದೆಂದು ನೋಡುತ್ತಾರೆ, ನಿಮ್ಮ ಒಂದೆರಡು ಎಸೆತ ನೋಡಲು ಬಯಸುತ್ತಾರೆ. ಹೆಬ್ಬೆರಳಿನ ಬಾಗು ನೋಡುವುದು ಪಿಚ್‌ಗೋಸ್ಕರ. ತೂತು ಚೆಂಡಿನ ನಡುಬಿಂದುವಿನತ್ತ ನೇರ ಹೋಗದೆ ಅಂಗೈ ಕಡೆಗೆ ಓರೆಯಾದರೆ ಫಾರ್ವರ್ಡ್ ಪಿಚ್, ಅಂಗೈಯಿಂದ ಆಚೆಗಾದರೆ ರಿವರ್ಸ್. ಫಾರ್ವರ್ಡ್ ಹೆಚ್ಚಾದಷ್ಟೂ ಚೆಂಡು ಕೈಯಲ್ಲಿ ಉಳಿಯುತ್ತದೆ, ರಿವರ್ಸ್ ಹೆಚ್ಚಾದಷ್ಟೂ ಬೇಗ ಕಳಚುತ್ತದೆ. ಇಂಚಿನ ಎಂಟನೇ ಒಂದು ಭಾಗದ ಬದಲಾವಣೆ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಅಳತೆ ತಪ್ಪಿದ್ದರೆ ಚರ್ಮವೇ ಹೇಳುತ್ತದೆ. ಹೆಬ್ಬೆರಳ ಬುಡದಲ್ಲಿ, ಅಂಗೈ ಸೇರುವ ಕಡೆ ಎಳೆತ ನೋವು ಬಂದರೆ ಸ್ಪ್ಯಾನ್ ಉದ್ದವಾಗಿದೆ. ಹೆಬ್ಬೆರಳಿನ ಗೆಣ್ಣಿನ ಹಿಂಭಾಗದಲ್ಲಿ ಬೊಬ್ಬೆ ಎದ್ದರೆ ಬೆರಳನ್ನು ಒಳಗೆ ಮಡಿಸಿ ಹಿಡಿಯುತ್ತಿದ್ದೀರಿ: ತೂತು ಸಡಿಲ, ಸ್ಪ್ಯಾನ್ ಗಿಡ್ಡ, ಇಲ್ಲವೇ ರಿವರ್ಸ್ ಪಿಚ್ ಜಾಸ್ತಿ. ತೂತಿನ ಬಾಯಿ ಚರ್ಮವನ್ನು ಕೊಯ್ಯುತ್ತಿದ್ದರೆ ಬೆವೆಲ್ ಸಾಲದು, ಅಂಚನ್ನು ಇನ್ನಷ್ಟು ಉರುಟು ಮಾಡಿಸಬೇಕು, ಐದು ನಿಮಿಷದ ಕೆಲಸ. ನೋವು ಸಹಿಸಿಕೊಂಡರೆ ಕೈ ಜಡ್ಡುಗಟ್ಟಿ ಸರಿಹೋಗುತ್ತದೆ ಎಂದು ಕಾಯಬೇಡಿ. ಸರಿಯಾದ ತೂತಿನಲ್ಲಿ ಜಡ್ಡು ಬಹಳ ಕಟ್ಟುವುದೇ ಇಲ್ಲ.

ಇನ್ನು ಟೇಪ್. ಹೆಬ್ಬೆರಳು ದಿನಕ್ಕೊಂದು ಗಾತ್ರದಲ್ಲಿರುತ್ತದೆ, ಬೆಳಿಗ್ಗೆ ಸಣ್ಣ, ಸೆಕೆಗೆ ದಪ್ಪ, ಮೂರನೇ ಗೇಮ್ ಹೊತ್ತಿಗೆ ಇನ್ನೂ ದಪ್ಪ. ಅದಕ್ಕೇ ತೂತನ್ನು ಕೈ ಊದಿದಾಗಲೂ ಹೋಗುವಷ್ಟು ಕೊರೆಸಿ, ಉಳಿದ ಜಾಗವನ್ನು ಟೇಪ್ ತುಂಡುಗಳಿಂದ ತುಂಬುವುದು ರೂಢಿ. ನುಣುಪು ಟೇಪನ್ನು ಉಗುರಿನ ಕಡೆಯ ಗೋಡೆಗೆ, ಒರಟು ಟೇಪನ್ನು ಬೆರಳಿನ ಮೆತ್ತನೆ ಭಾಗ ತಾಗುವ ಗೋಡೆಗೆ, ಬಾಯಿಯಿಂದ ಸುಮಾರು ಕಾಲು ಇಂಚು ಕೆಳಗೆ ಅಂಟಿಸಿ. ಅಂಚಿಗೇ ಹಚ್ಚಿದರೆ ಬೆರಳು ಕಳಚುವಾಗ ಸುರುಳಿ ಎದ್ದುಬರುತ್ತದೆ. ಆಟ ಶುರುವಾಗುವಾಗ ಎರಡೋ ಮೂರೋ ತುಂಡು, ಬೆರಳು ಊದಿದಂತೆ ಒಂದೊಂದಾಗಿ ಕಿತ್ತು ತೆಗೆಯಿರಿ. ಪರೀಕ್ಷೆ ಸುಲಭ: ಹೆಬ್ಬೆರಳೊಂದನ್ನೇ ಹಾಕಿ, ಚೆಂಡನ್ನು ಇನ್ನೊಂದು ಕೈಯಲ್ಲಿ ಆನಿಸಿ, ಬೆರಳು ಹೊರಗೆಳೆಯಿರಿ. ಸ್ವಲ್ಪ ಉಜ್ಜಿಕೊಂಡು, ಸದ್ದಿಲ್ಲದೆ ಬರಬೇಕು. ಪಟ್ಟೆಂದು ಸದ್ದಾದರೆ ಬಿಗಿ, ಉಜ್ಜಿದ್ದೇ ತಿಳಿಯದಿದ್ದರೆ ಸಡಿಲ.

ಎರಡು ಕೈಯಲ್ಲಿ ಎಸೆಯುವವರಿಗೆ ಒಂದು ಮಾತು. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಈ ಶೈಲಿಯನ್ನು ವೃತ್ತಿಪರ ಆಟದ ತುತ್ತತುದಿಗೆ ಒಯ್ದ ಮೇಲೆ ಹೊಸಬರಲ್ಲಿ ಇದು ಬಹಳ ಹಬ್ಬಿದೆ. ಇದರಲ್ಲಿ ಹೆಬ್ಬೆರಳು ತೂತಿನೊಳಗೆ ಹೋಗುವುದಿಲ್ಲ. ಅಮೆರಿಕದ ಬೌಲಿಂಗ್ ಒಕ್ಕೂಟವಾದ ಯುಎಸ್‌ಬಿಸಿ 2020ರ ಆಗಸ್ಟ್ 1ರಿಂದ ತೂಕ ಸರಿದೂಗಿಸಲು ಕೊರೆಯುವ ಹೆಚ್ಚುವರಿ ತೂತನ್ನು ನಿಷೇಧಿಸಿತು. ಎಸೆಯುವಾಗ ಹಿಡಿತಕ್ಕೆ ಬಳಸದ ಯಾವ ತೂತೂ ಇರುವಂತಿಲ್ಲ. ಅಂದರೆ ಸ್ಪರ್ಧೆಗೆ ಹೋಗುವ ಆಸೆಯಿದ್ದರೆ ಹೆಬ್ಬೆರಳ ತೂತನ್ನು ಕೊರೆಸಲೇಬೇಡಿ. ಡ್ರಿಲ್ಲರ್ ಅಭ್ಯಾಸಬಲದಿಂದ ಮೂರೂ ಕೊರೆಯುವ ಮೊದಲೇ ಇದನ್ನು ಬಾಯಿಬಿಟ್ಟು ಹೇಳಿ.

ಹೊರಪದರದ ಬಗ್ಗೆ ತಿಳಿಯಬೇಕಾದ್ದು ಲೇನಿನ ಮೇಲಿನ ಎಣ್ಣೆಯಿಂದ ಶುರುವಾಗುತ್ತದೆ. ಫೌಲ್ ಲೈನ್, ಅಂದರೆ ಎಸೆಯುವಾಗ ದಾಟಬಾರದ ಗೆರೆ, ಅದರಿಂದ ಮೊದಲ ಪಿನ್ನಿಗೆ 60 ಅಡಿ. ಮನರಂಜನೆಗೂ ಲೀಗ್‌ಗೂ ಸಾಮಾನ್ಯವಾಗಿ ಹಾಕುವ ವಿನ್ಯಾಸದಲ್ಲಿ ಮೊದಲ 40 ಅಡಿಯ ಹತ್ತಿರಹತ್ತಿರ ಎಣ್ಣೆ, ಉಳಿದದ್ದು ಒಣ. ಅಗಲದಲ್ಲೂ ನಡುವೆ ದಪ್ಪ, ಅಂಚುಗಳಲ್ಲಿ ತೆಳು. ಚೆಂಡು ಎಣ್ಣೆಯ ಮೇಲೆ ಜಾರುತ್ತದೆ, ಒಣಭಾಗ ಸಿಕ್ಕಾಗ ಹಿಡಿತ ಸಿಕ್ಕಿ ತಿರುಗುತ್ತದೆ, ಕೊನೆಗೆ ಉರುಳುತ್ತದೆ. ಎಲ್ಲ ಚೆಂಡುಗಳ ವ್ಯತ್ಯಾಸವೂ ಈ ಮೂರು ಹಂತ ಎಲ್ಲೆಲ್ಲಿ ಬದಲಾಗುತ್ತವೆ ಎನ್ನುವುದರಲ್ಲಿದೆ. ಪ್ಲಾಸ್ಟಿಕ್, ಅಂದರೆ ಪಾಲಿಯೆಸ್ಟರ್, ಲೇನನ್ನು ಕಡಿಮೆ ಹಿಡಿದು ಬಹುತೇಕ ನೇರ ಹೋಗುತ್ತದೆ. 1980ರ ದಶಕದಲ್ಲಿ ಬಂದ ಯುರೆಥೇನ್ ಬೇಗ ಹಿಡಿದು ನಿಧಾನವಾಗಿ, ಒಂದೇ ಸಮನೆ ಬಾಗುತ್ತದೆ. 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಮೈತುಂಬ ಸೂಕ್ಷ್ಮ ರಂಧ್ರಗಳಿರುವ ಪದರ. ಎಣ್ಣೆಯಲ್ಲಿ ಜಾರಿ, ಒಣಭಾಗದಲ್ಲಿ ಗಕ್ಕನೆ ತಿರುಗುತ್ತದೆ. ಆ ತಿರುವಿನಿಂದ ಚೆಂಡು ಒಂದನೇ ಮತ್ತು ಮೂರನೇ ಪಿನ್ ನಡುವಿನ ಪಾಕೆಟ್‌ಗೆ ನಾಲ್ಕರಿಂದ ಆರು ಡಿಗ್ರಿ ಓರೆಯಲ್ಲಿ ನುಗ್ಗುತ್ತದೆ. ಸರಿಯಾದ ಸ್ಟ್ರೈಕಿನಲ್ಲಿ ಚೆಂಡು ಖುದ್ದಾಗಿ ಮುಟ್ಟುವುದು 1, 3, 5, 9 ಈ ನಾಲ್ಕೇ ಪಿನ್‌ಗಳನ್ನು. ಉಳಿದ ಆರನ್ನು ಪಿನ್‌ಗಳೇ ಉರುಳಿಸುತ್ತವೆ. ನೇರ ಹೋದ ಚೆಂಡು ಮೊದಲ ಪಿನ್ನಿಗೆ ಬಡಿದು ಬಲಕ್ಕೆ ಸರಿದುಬಿಡುತ್ತದೆ, ಐದನ್ನು ತಲುಪುವುದು ಕಷ್ಟ. ಹುಕ್‌ನ ಅಸಲು ಪ್ರಯೋಜನ ಇಷ್ಟೇ.

ಹಾಗಾದರೆ ಅತಿ ಬಲವಾದ ರಿಯಾಕ್ಟಿವ್ ಚೆಂಡೇ ಉತ್ತಮವಲ್ಲವೇ? ಎಣ್ಣೆ ಯಂತ್ರ ದಿನಾ ಓಡದ ಮಾಲ್ ಲೇನುಗಳಲ್ಲಿ ಖಂಡಿತ ಅಲ್ಲ. ಎಣ್ಣೆ ಕಡಿಮೆಯಿದ್ದಾಗ ಬಲವಾದ ಚೆಂಡು 20, 25 ಅಡಿಯಲ್ಲೇ ಹಿಡಿಯಲು ಶುರುಮಾಡುತ್ತದೆ. ಒಂದೋ ಮೊದಲ ಪಿನ್ನಿನ ಮುಖಕ್ಕೇ ಬಡಿದು ಸ್ಪ್ಲಿಟ್ (ನಡುವೆ ಅಂತರವಿಟ್ಟು ನಿಂತ ಪಿನ್‌ಗಳು) ಬಿಡುತ್ತದೆ, ಇಲ್ಲವೇ ಇದ್ದ ಶಕ್ತಿಯನ್ನೆಲ್ಲ ದಾರಿಯಲ್ಲೇ ಕಳೆದುಕೊಂಡು ಪಿನ್ ತಲುಪುವಾಗ ಸಪ್ಪಗಾಗಿರುತ್ತದೆ. ಇಂಥ ಲೇನಿನಲ್ಲೇ ಆಡುವವರು ನಯವಾದ ಮೇಲ್ಮೈಯ, ಮಧ್ಯಮ ಬಲದ, ಸಿಮ್ಮೆಟ್ರಿಕ್ (ಸಮಾಕಾರದ) ಕೋರ್‌ನ ಚೆಂಡು ಕೇಳಬೇಕು. ಪೆಟ್ಟಿಗೆಯ ಮೇಲೆ ಎರಡು ಅಂಕಿ ಇರುತ್ತವೆ. ಆರ್‌ಜಿ (ತೂಕ ಚೆಂಡಿನ ನಡುವಿನಿಂದ ಎಷ್ಟು ದೂರ ಹರಡಿದೆ ಎನ್ನುವ ಅಳತೆ) 2.46ರಿಂದ 2.80ರವರೆಗೆ ಇರಬಹುದು, ಕಡಿಮೆಯಿದ್ದಷ್ಟೂ ಬೇಗ ಉರುಳುತ್ತದೆ. ಡಿಫರೆನ್ಷಿಯಲ್ (ಅದೇ ಚೆಂಡಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಆರ್‌ಜಿಗಳ ಅಂತರ) ಗರಿಷ್ಠ 0.060, ಹೆಚ್ಚಿದ್ದಷ್ಟೂ ತಿರುವು ಜಾಸ್ತಿ. ಮೊದಲ ಚೆಂಡಿಗೆ ಆರ್‌ಜಿ 2.50ರಿಂದ 2.57, ಡಿಫರೆನ್ಷಿಯಲ್ 0.030ರಿಂದ 0.045 ನಡುವೆ ಇದ್ದರೆ ಹೆಚ್ಚಿನ ಕಡೆ ಕೆಲಸಕ್ಕೆ ಬರುತ್ತದೆ. ಮೇಲ್ಮೈಯನ್ನು ಬೇಕಾದಂತೆ ಬದಲಾಯಿಸಬಹುದು: 1000 ಗ್ರಿಟ್ ಪ್ಯಾಡ್ ಉಜ್ಜಿದರೆ ಒರಟಾಗಿ ಬೇಗ ಹಿಡಿಯುತ್ತದೆ, 4000 ಉಜ್ಜಿದರೆ ಅಥವಾ ಪಾಲಿಶ್ ಹಾಕಿದರೆ ತಡವಾಗಿ. ಸ್ಪರ್ಧೆ ಶುರುವಾದ ಮೇಲೆ ಉಜ್ಜುವಂತಿಲ್ಲ, ಮೊದಲೇ ಮಾಡಿಕೊಳ್ಳಬೇಕು.

ಇದರ ಜೊತೆಗೆ ಒಂದು ಪ್ಲಾಸ್ಟಿಕ್ ಚೆಂಡು. ಇಬ್ಬರಲ್ಲಿ ಒಬ್ಬರು ಇದನ್ನು ದಂಡ ಎಂದುಕೊಳ್ಳುತ್ತಾರೆ. ತಿಂಗಳಿಗೆ ಎರಡು ಸಲ ಆಡುವವರಿಗೆ ಒಂದೇ ಚೆಂಡು ಕೊಳ್ಳುವಷ್ಟು ಹಣವಿದ್ದರೆ ಪ್ಲಾಸ್ಟಿಕ್ಕನ್ನೇ ಕೊಂಡು ಫಿಂಗರ್‌ಟಿಪ್ ಕೊರೆಸಿ ಎನ್ನುತ್ತೇನೆ. ಒಣ ಲೇನಿನಲ್ಲಿ ಅದೂ ಸ್ವಲ್ಪ ತಿರುಗುತ್ತದೆ, ರಿಯಾಕ್ಟಿವ್‌ಗಿಂತ ಬಹಳ ಅಗ್ಗ, ಎಣ್ಣೆ ಹೀರಿಕೊಳ್ಳದ್ದರಿಂದ ವರ್ಷಗಟ್ಟಲೆ ಬಾಳುತ್ತದೆ. ಮುಂದೆ ರಿಯಾಕ್ಟಿವ್ ಬಂದಾಗ ಇದೇ ನಿಮ್ಮ ಸ್ಪೇರ್ ಬಾಲ್.

ಸ್ಪೇರ್ ಬಾಲ್ ಏಕೆ ಬೇಕೆಂದರೆ ಹತ್ತನೇ ಪಿನ್. ಲೆಕ್ಕ ಹಾಕಿ ನೋಡಿ. ಚೆಂಡು ಎಂಟೂವರೆ ಇಂಚು ಅಗಲ, ಪಿನ್ ಹೊಟ್ಟೆಯ ಬಳಿ ಕಾಲು ಕಡಿಮೆ ಐದು ಇಂಚು ಎನ್ನಿ, ಅಂದರೆ 4.75. ನಡುವಿನಲ್ಲಿ ನಿಂತ ಒಂಟಿ ಪಿನ್ನಿಗೆ ಚೆಂಡಿನ ಮಧ್ಯಭಾಗ ಆಚೀಚೆ ತಲಾ ಆರೂವರೆ ಇಂಚಿನೊಳಗೆ ಹೋದರೂ ತಾಗುತ್ತದೆ, ಒಟ್ಟು ಸುಮಾರು 13 ಇಂಚಿನ ಬಾಗಿಲು. ಹತ್ತನೇ ಪಿನ್ನಿನ ಬಲಕ್ಕೆ ಗಟರ್ (ಲೇನಿನ ಅಂಚಿನ ಕಾಲುವೆ) ತನಕ ಇರುವುದೇ ಮೂರು ಇಂಚಿಗಿಂತ ಕಡಿಮೆ. ಹಾಗಾಗಿ ಬಾಗಿಲು ಒಂಬತ್ತು ಇಂಚಿಗೆ ಕುಗ್ಗುತ್ತದೆ. ಅದರ ಮೇಲೆ ಹುಕ್ ಚೆಂಡು ಪಿನ್ನಿನ ಮುಂದೆಯೇ ಎಡಕ್ಕೆ ತಿರುಗಿಬಿಟ್ಟರೆ ಮುಗಿಯಿತು. ಪ್ಲಾಸ್ಟಿಕ್ ಚೆಂಡನ್ನು ಅಡ್ಡಕ್ಕೆ, ಲೇನಿನ ಎಡದಿಂದ ಬಲ ಮೂಲೆಗೆ ಕಳಿಸುವುದೇ ಇದಕ್ಕೆ ನಂಬಿಗಸ್ತ ದಾರಿ.

ಲೇನಿನಲ್ಲಿ 39 ಪಟ್ಟಿಗಳಿವೆ, ಬಲಗಡೆಯಿಂದ ಎಣಿಸಬೇಕು. ಫೌಲ್ ಲೈನಿನಿಂದ ಸುಮಾರು 15 ಅಡಿ ದೂರದಲ್ಲಿ ಏಳು ಬಾಣದ ಗುರುತುಗಳಿವೆ, ಐದೈದು ಪಟ್ಟಿಗೆ ಒಂದು. ನಡುವಿನ ಬಾಣ 20ನೇ ಪಟ್ಟಿ. ಹತ್ತನೇ ಪಿನ್ನಿಗೆ ಎಡಗಾಲು 32ನೇ ಪಟ್ಟಿಯ ಆಸುಪಾಸು ಬಂದು ನಿಲ್ಲುವಂತೆ ನಡೆದು, ಚೆಂಡನ್ನು 25ರ ಹತ್ತಿರ ಇಳಿಸಿ, ನಡುಬಾಣದ ಮೇಲೆ ದಾಟಿಸಿ. ಚೆಂಡು ನೇರ ಹೋದರೆ ಮೂರನೇ ಪಟ್ಟಿಯ ಮೇಲಿರುವ ಪಿನ್ನಿಗೆ ಸರಿಯಾಗಿ ಬರುತ್ತದೆ. ಬಿಡುವಾಗ ಅಂಗೈ ಪಿನ್ನಿನ ಕಡೆ ಮುಖಮಾಡಿರಲಿ, ಪಕ್ಕಕ್ಕೆ ತಿರುಚಬೇಡಿ. ಇದನ್ನು ತಪ್ಪಿಸುವವರಲ್ಲಿ ಹೆಚ್ಚಿನವರು ಕೈಯಿಂದಲ್ಲ, ಭುಜದಿಂದ ತಪ್ಪಿಸುತ್ತಾರೆ: ಕಾಲು ಎಡಕ್ಕೆ ಸರಿದಿರುತ್ತದೆ, ಭುಜ ಮಾತ್ರ ಎದುರಿನ ಪಿನ್‌ಗಳತ್ತಲೇ ಇರುತ್ತದೆ. ನಿಲ್ಲುವಾಗಲೇ ಎರಡೂ ಭುಜ ಮತ್ತು ಪಾದಗಳನ್ನು ಹತ್ತನೇ ಪಿನ್ನಿನತ್ತ ತಿರುಗಿಸಿ, ಅದೇ ಓರೆ ಗೆರೆಯಲ್ಲಿ ನಡೆಯಬೇಕು.

ಎಡಗಡೆಯ ಪಿನ್‌ಗಳಿಗೆ ಸ್ಟ್ರೈಕ್ ಚೆಂಡೇ ಸಾಕು. ಗುರಿ ಬಾಣ ಬದಲಿಸದೆ, ನಿಲ್ಲುವ ಜಾಗವನ್ನು ಎರಡನೇ ಪಿನ್ನಿಗೆ ಮೂರು, ನಾಲ್ಕಕ್ಕೆ ಆರು, ಏಳಕ್ಕೆ ಒಂಬತ್ತು ಪಟ್ಟಿ ಬಲಕ್ಕೆ ಸರಿಸಿ. 3-6-9 ಎಂದೇ ಇದಕ್ಕೆ ಹೆಸರು. ನಿಮ್ಮ ಚೆಂಡಿಗೆ, ನಿಮ್ಮ ಲೇನಿಗೆ ಒಂದೆರಡು ಪಟ್ಟಿ ಹೆಚ್ಚುಕಡಿಮೆ ಆಗಬಹುದು, ಬರೆದಿಟ್ಟುಕೊಳ್ಳಿ.

ಸ್ಟ್ರೈಕ್ ಎಸೆತದಲ್ಲೂ ಜಾಗ ಸರಿಸುವ ನಿಯಮ ಇಷ್ಟೇ ಸರಳ. ಚೆಂಡು ಯಾವ ಕಡೆ ತಪ್ಪಿತೋ ಆ ಕಡೆಗೇ ಕಾಲು ಸರಿಸಿ. ಎಸೆತ ಚೆನ್ನಾಗಿತ್ತು, ಆದರೂ ಚೆಂಡು ಮೊದಲ ಪಿನ್ನಿನ ಎಡಕ್ಕೆ ಹೋಯಿತೇ, ಎರಡು ಪಟ್ಟಿ ಎಡಕ್ಕೆ ನಿಲ್ಲಿ. ಆಟ ಮುಂದುವರಿದಂತೆ ಚೆಂಡುಗಳು ಎಣ್ಣೆಯನ್ನು ಒರೆಸಿಕೊಂಡು ಹೋಗುತ್ತವೆ, ಮೊದಲ ಗೇಮ್‌ನಲ್ಲಿ ಪಾಕೆಟ್‌ಗೆ ಹೋದ ಗೆರೆ ಮೂರನೆಯದರಲ್ಲಿ ಎಡಕ್ಕೆ ಎಳೆಯುತ್ತದೆ. ಪಾಕೆಟ್ ತಾಗಿಯೂ ಹತ್ತನೇ ಪಿನ್ ನಿಂತರೆ ಆರನೇ ಪಿನ್ ಏನು ಮಾಡಿತು ನೋಡಿ. ಅದು ಹತ್ತರ ಕತ್ತನ್ನು ಸುತ್ತಿ ಹಾದುಹೋದರೆ ಎಸೆತ ಕೂದಲೆಳೆಯಷ್ಟು ತಪ್ಪಿತು, ಅಷ್ಟೇ. ಸೋತು ಗಟರಿನಲ್ಲಿ ಮಲಗಿದರೆ ಚೆಂಡಿನಲ್ಲಿ ಕಸುವು ಉಳಿದಿರಲಿಲ್ಲ: ಎಡಕ್ಕೆ, ಎಣ್ಣೆ ಇರುವ ಕಡೆಗೆ ಸರಿಯಿರಿ, ಇಲ್ಲವೇ ಇನ್ನೂ ನಯವಾದ ಚೆಂಡು ತೆಗೆಯಿರಿ. ಸ್ಪರ್ಧೆಗಳಲ್ಲಿ ಎಣ್ಣೆಯ ಉದ್ದವನ್ನು ಮೊದಲೇ ಪ್ರಕಟಿಸುವುದುಂಟು. ಆಗ ಆ ಉದ್ದದಿಂದ 31 ಕಳೆಯಿರಿ, ಬಂದದ್ದು ಎಣ್ಣೆ ಮುಗಿಯುವಲ್ಲಿ ಚೆಂಡು ಇರಬೇಕಾದ ಪಟ್ಟಿ. 40 ಅಡಿಗೆ ಒಂಬತ್ತನೇ ಪಟ್ಟಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಅಮೀಬಾದಂಥ, ರಾಷ್ಟ್ರೀಯ ಸ್ಪರ್ಧೆಗಳು ನಡೆದಿರುವ ಜಾಗದಲ್ಲಿ ಸ್ಪರ್ಧೆಯ ವೇಳೆ ಆಡಲು ಹೋಗುವವರಿಗೆ ಈ ಲೆಕ್ಕ ಬಾಯಿಪಾಠವಾಗಿರಬೇಕು. ಮಾಲ್‌ನಲ್ಲಿ ಇದರ ಉಪಯೋಗ ಕಡಿಮೆ.

ನಡಿಗೆ. ಫೌಲ್ ಲೈನಿಗೆ ಹಿಮ್ಮಡಿ ತಾಗುವ ಹಾಗೆ ಪಿನ್‌ಗಳಿಗೆ ಬೆನ್ನುಹಾಕಿ ನಿಂತು, ಮಾಮೂಲು ನಡಿಗೆಯಲ್ಲಿ ನಾಲ್ಕೂವರೆ ಹೆಜ್ಜೆ ನಡೆದು ಹಿಂತಿರುಗಿ. ನಾಲ್ಕು ಹೆಜ್ಜೆಯ ಆಟಕ್ಕೆ ಅದೇ ನಿಮ್ಮ ಜಾಗ, ಅರ್ಧ ಹೆಜ್ಜೆ ಕೊನೆಯ ಜಾರಿಕೆಗೆ. ಮೊದಲ ಹೆಜ್ಜೆ ಬಲಗಾಲು, ಅದರ ಜೊತೆಗೇ ಚೆಂಡು ಮುಂದಕ್ಕೆ. ಎರಡನೆಯದಕ್ಕೆ ಚೆಂಡು ಕಾಲಿನ ಪಕ್ಕಕ್ಕೆ ಇಳಿದಿರಬೇಕು, ಮೂರನೆಯದಕ್ಕೆ ಹಿಂದೆ ತುದಿಗೇರಿರಬೇಕು, ನಾಲ್ಕನೆಯದರಲ್ಲಿ ಎಡಗಾಲು ಜಾರುತ್ತಿರುವಾಗಲೇ ಬಿಡುವುದು. ಬಹುತೇಕ ತಪ್ಪು ಮೊದಲ ಹೆಜ್ಜೆಯಲ್ಲೇ ಆಗಿರುತ್ತದೆ: ಕಾಲು ಹೊರಟಿತು, ಚೆಂಡು ಎದೆಯ ಹತ್ತಿರವೇ ಉಳಿಯಿತು. ಆಮೇಲೆ ಚೆಂಡು ಕಾಲನ್ನು ಹಿಡಿಯಲು ಓಡಬೇಕು, ಗೆರೆಯ ಬಳಿ ಬರುವಾಗ ಕೈಯಿಂದ ನೂಕಬೇಕಾಗುತ್ತದೆ. ಜಾರುವ ಕಾಲಿಗೆ ನುಣುಪು ಅಟ್ಟೆ, ಬಲಗಾಲಿಗೆ ಹಿಡಿತದ ರಬ್ಬರ್ ಇರುವ ಸ್ವಂತ ಶೂ ಕೊಂಡರೆ ಕೊನೆಯ ಹೆಜ್ಜೆ ದಿನದಿನವೂ ಒಂದೇ ಆಗುತ್ತದೆ. ಬಾಡಿಗೆ ಶೂಗಳಲ್ಲಿ ಒಂದು ಜೊತೆ ಜಾರುತ್ತದೆ, ಮುಂದಿನ ವಾರದ ಜೊತೆ ಕಚ್ಚಿ ನಿಲ್ಲುತ್ತದೆ. ಒದ್ದೆ ಮುಟ್ಟಿಸಬೇಡಿ, ಒಂದು ಹನಿ ನೀರು ಸಾಕು ಜಾರುವ ಕಾಲು ಗೆರೆಯಲ್ಲಿ ಕಚ್ಚಿ ಮೂಗು ಒಡೆಯಲು.

ಅಭ್ಯಾಸದ ದಿನ ಅಂಕ ಮರೆತುಬಿಡಿ. ಪೂರ್ತಿ ಹತ್ತು ಪಿನ್ ನಿಂತಿದ್ದಾಗಲೇ ಮೊದಲ ಎಸೆತವನ್ನು ಹತ್ತನೇ ಪಿನ್ನಿಗೆ, ಎರಡನೆಯದನ್ನು ಏಳನೆಯದಕ್ಕೆ ಹಾಕುತ್ತಾ ಒಂದು ಗೇಮ್ ಮುಗಿಸಿ. ಬೇರೆ ಪಿನ್ ಬಿದ್ದರೆ ಅದು ತಪ್ಪೆಸೆತ.

ಚೆಂಡಿನ ಆರೈಕೆ ಬಹಳವೇನಿಲ್ಲ, ಆದರೆ ರಿಯಾಕ್ಟಿವ್‌ಗೆ ಬೇಕೇ ಬೇಕು. ಎಣ್ಣೆ ರಂಧ್ರಗಳಿಗೆ ಇಳಿದಂತೆ ಹಿಡಿತ ಸಾಯುತ್ತದೆ. ಪ್ರತಿ ಎಸೆತಕ್ಕೂ ಮೊದಲು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಆಟ ಮುಗಿದ ಕೂಡಲೇ, ಚೆಂಡು ಇನ್ನೂ ಬೆಚ್ಚಗಿರುವಾಗ, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಅಸಿಟೋನ್ ಬೇಡ, ಪದರವನ್ನು ಮೆತ್ತಗಾಗಿಸುತ್ತದೆ. ಐವತ್ತು ಅರುವತ್ತು ಗೇಮ್‌ಗೊಮ್ಮೆ ಡ್ರಿಲ್ಲರ್ ಹತ್ತಿರ ಎಣ್ಣೆ ತೆಗೆಸಿ, ಮೇಲ್ಮೈಯನ್ನು ಮೊದಲಿದ್ದ ಗ್ರಿಟ್‌ಗೆ ಮರಳಿಸಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಚೆಂಡು ಬಿಡಲೇಬೇಡಿ. ಒಳಗಿನ ಕೋರ್ ಮತ್ತು ಹೊರಪದರ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ, ತೂತುಗಳ ನಡುವಿನ ತೆಳು ಸೇತುವೆಯಲ್ಲೇ ಬಿರುಕು ಮೂಡುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಂತೂ ಮನೆಯೊಳಗೆ, ಗೋಡೆಯಿಂದ ದೂರ ಇಡಿ.

ಎರಡನೇ ಚೆಂಡು ಕೊಳ್ಳುವಾಗ ಮೊದಲನೆಯದರ ಅಳತೆ ಹಾಳೆಯನ್ನು ಡ್ರಿಲ್ಲರ್ ಹತ್ತಿರ ಕೇಳಿ ಇಟ್ಟುಕೊಂಡಿರಬೇಕು: ಎರಡು ಸ್ಪ್ಯಾನ್, ಮೂರು ಪಿಚ್, ತೂತಿನ ಗಾತ್ರ. ಎರಡೂ ಚೆಂಡಿನಲ್ಲಿ ಹೆಬ್ಬೆರಳು ಒಂದೇ ಥರ ಕಳಚದಿದ್ದರೆ ಸ್ಪೇರ್ ಬಾಲ್ ಹಿಡಿದ ಪ್ರತಿ ಸಲ ಕೈ ಹೊಸದಾಗಿ ಕಲಿಯಬೇಕಾಗುತ್ತದೆ. ತಿರುಗಿಸಿ ಬಿಗಿಯುವ, ಒಂದು ಚೆಂಡಿನಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದಾದ ಹೆಬ್ಬೆರಳ ಕೊಳವೆಗಳು ಸಿಗುತ್ತವೆ. ಖರ್ಚು ಸ್ವಲ್ಪ ಹೆಚ್ಚಾದರೂ ಟೇಪು ಸಮೇತ ಅದೇ ತೂತು ಎರಡೂ ಚೆಂಡಿಗೆ ಹೋಗುತ್ತದೆ.